ಚಾಸಿಗೆ ಹಚ್ಚಿದ ಬಣ್ಣ

ಅಣ್ಣನಿಗೆ ನಾನು ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸುತ್ತಿ ಬಳಸಿ ಹೇಳುತ್ತ ಹೋದರೆ ನಡುವೆ ಎಲ್ಲೋ ನಾನು ಒಳ್ಳೆಯವಳ ಹಾಗೆ ಕಾಣತೊಡಗುತ್ತೇನೆ. ಮಾತು ದೊಡ್ಡದೇನಲ್ಲ. ಲಾರಿಯ ಕಬ್ಬಿಣದಲ್ಲಿ ಒಂದು ಸೀಳು ಇದೆ ಎಂದಿದ್ದರೆ ಮುಗಿಯುತ್ತಿತ್ತು. ಆಗ ನನ್ನ ಸೊಂಟದ ಮೇಲೆ ಕೂತಿರುತ್ತಿದ್ದ ಅಣ್ಣನ ಮಗಳು ಗೌರಿ ಈಗ ಮದುವೆಯ ಹುಡುಗಿ. ಅಷ್ಟು ಕಾಲ ಆ ಮಾತನ್ನು ನುಂಗಿಕೊಂಡು ಕೂತಿದ್ದೆ.

ಅವಳ ಮದುವೆಗೆಂದೇ ಕಳೆದ ವಾರ ನಮ್ಮ ಮನೆಗೆ ಬಣ್ಣ ಮಾಡಿಸಿದೆವು. ಕಿಟಕಿಯ ಸರಳುಗಳಿಗೆ ಬಣ್ಣದವನು ಮೊದಲು ಕೆಂಪು ಹಚ್ಚಿದ. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲಿ ಎಂದು ಒಳಪದರಕ್ಕೆ ಹಚ್ಚುತ್ತಾರಲ್ಲ, ಇಟ್ಟಿಗೆ ಪುಡಿಯಂಥ ಕೆಂಪು, ಅದು. ನಾನು ಅಡುಗೆಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ, ಕರಿಬೇವು ಎಲ್ಲವನ್ನೂ ದಾಟಿಕೊಂಡು ಆ ಬಣ್ಣದ ವಾಸನೆ ಒಳಗೆ ಬಂತು. ಒಲೆ ಆರಿಸಿ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ನನ್ನ ಗಂಡ ಬಂದು ಆರಾಮಿಲ್ಲವೇ ಎಂದು ಕೇಳಿದರು. ಬಣ್ಣದ ವಾಸನೆ ತಲೆಗೇರಿದೆ ಎಂದೆ. ಅದು ಸುಳ್ಳಲ್ಲ. ನನ್ನ ಸುಳ್ಳುಗಳೆಲ್ಲ ಹೀಗೇ, ಅರ್ಧ ನಿಜ ಇರುತ್ತವೆ.

ನಾವು ಗೋಕಾಕದ ಕಡೆಯವರು. ಪುಣೆಗೆ ಬಂದ ಮೇಲೆ ಕಾತ್ರಜ ಘಾಟಿನ ಬುಡದಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ ಮನೆ ಮಾಡಿದ್ದೆವು. ಘಾಟು ಇಳಿಯುವ ಲಾರಿಗಳ ಬ್ರೇಕಿನ ಸದ್ದು ಕೇಳಿಸದಿದ್ದರೆ ಅವ್ವನಿಗೆ ನಿದ್ದೆ ಬರುತ್ತಿರಲಿಲ್ಲ. ಊರಿಗೆ ಹೋದಾಗ ಅಲ್ಲಿನ ನಿಶ್ಶಬ್ದಕ್ಕೆ ಹೆದರಿ ಎದ್ದು ಕೂರುತ್ತಿದ್ದಳು. ಅಪ್ಪ ಆಗಲೇ ಇರಲಿಲ್ಲ. ಮನೆಯಲ್ಲಿ ಅವ್ವ, ಅಣ್ಣ, ಅಣ್ಣನ ಹೆಂಡತಿ ಕಸ್ತೂರಿ ವೈನಿ, ಚಿಕ್ಕವಳು ಗೌರಿ, ಮತ್ತೆ ನಾನು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಶಾಲೆಯೇನೂ ನನ್ನನ್ನು ಹುಡುಕಿಕೊಂಡು ಬರಲಿಲ್ಲ. ರಂಗೋಲಿ ಎಳೆಯುವುದರಲ್ಲಿ ಮಾತ್ರ ನನ್ನ ಕೈ ಒಳ್ಳೆಯದೆಂದು ಹೆಸರಾಗಿತ್ತು, ಆ ಹೆಸರಿನ ಬಗ್ಗೆ ನನಗೆ ಸಾಕಷ್ಟು ಸೊಕ್ಕೂ ಇತ್ತು.

ಅಣ್ಣ ಬಹಳ ವರ್ಷ ಬೇರೆಯವರ ಲಾರಿ ಓಡಿಸಿದ. ತೊಂಬತ್ತರ ದಶಕದ ನಡುವೆ ಒಂದು ಮಳೆಗಾಲದಲ್ಲಿ ತನ್ನದೇ ಲಾರಿ ತಂದ. ತಂದ ಎಂದರೆ ಎಳೆಸಿಕೊಂಡು ಬಂದ. ಮೇಲಿನ ಕ್ಯಾಬಿನ್ನು, ಹಿಂದಿನ ತೊಟ್ಟಿ ಎಲ್ಲ ಕೊಳೆತಿದ್ದವು. ಅವನ್ನೆಲ್ಲ ಬಿಚ್ಚಿ ತೆಗೆದು, ಇಂಜಿನ್ ಇಳಿಸಿದ ಮೇಲೆ ನಮ್ಮ ಮನೆಯ ಪಕ್ಕದ ಖುಲ್ಲಾ ಜಾಗದಲ್ಲಿ ಉಳಿದದ್ದು ಚಾಸಿ ಮಾತ್ರ. ಲಾರಿಗೆ ಬೆನ್ನೆಲುಬು ಇದ್ದ ಹಾಗೆ ಅದು: ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುನಡುವೆ ಅಡ್ಡಪಟ್ಟಿ. ಮೇಲೆ ಎಷ್ಟು ಭಾರ ಹೇರಿದರೂ ಹೊರುವುದು ಅದೇ. ದಿಮ್ಮಿಗಳ ಮೇಲೆ ಏರಿಸಿಟ್ಟ ಅದನ್ನು ನೋಡಿ ಅವ್ವ, ಎಮ್ಮೆ ತರುತ್ತೇನೆಂದು ಹೋಗಿ ಎಲುಬು ತಂದಿದ್ದಾನೆ ಎಂದಳು.

ಗ್ಯಾರೇಜಿಗೆ ಕೊಡೋಣ ಎಂದು ವೈನಿ ಹೇಳಿದರೆ ಅಣ್ಣ ಒಪ್ಪಲಿಲ್ಲ. "ಗ್ಯಾರೇಜಿನವರು ಮಣ್ಣಿನ ಮ್ಯಾಲೇ ಬಣ್ಣ ಬಳೀತಾರ. ಒಳಗ ಏನ್ ಅದ ಅಂತ ಯಾರಿಗೂ ಗೊತ್ತಾಗೂದಿಲ್ಲ. ನಮ್ಮ ಲಾರಿ ನಾವ ತಿಕ್ಕೂಣು" ಎಂದ. ಈ ಮಾತು ಈಗ ನೆನಪಾದರೆ ನನಗೆ ಹೇಗಾಗುತ್ತದೆಂದು ನೀವೇ ಊಹಿಸಿಕೊಳ್ಳಿ.

ತಿಕ್ಕಿದೆವು. ಗ್ರೀಸು, ಮಣ್ಣು, ತುಕ್ಕು ಮೂರೂ ಸೇರಿ ಕಲ್ಲಾಗಿದ್ದವು. ಮೊದಲು ಖುರ್ಪಿಯಿಂದ ಕೆರೆಯುವುದು, ಆಮೇಲೆ ತಂತಿಯ ಬ್ರಶ್ಶಿನಿಂದ ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಉಜ್ಜುವುದು, ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುವುದು. ಅಣ್ಣ ಚಿಕ್ಕ ಸುತ್ತಿಗೆ ಹಿಡಿದು ಮುಂದೆ ಮುಂದೆ ಬಡಿಯುತ್ತ, ಕಿವಿಗೊಟ್ಟು ಕೇಳುತ್ತ ಹೋಗುತ್ತಿದ್ದ. ಗಟ್ಟಿ ಇದ್ದಲ್ಲಿ ಕಬ್ಬಿಣ ಗಂಟೆಯ ಹಾಗೆ ನುಡಿಯುತ್ತದೆ, ಒಡೆದಲ್ಲಿ ದಪ್ ಎನ್ನುತ್ತದೆ. ಅವನ ಹಿಂದೆ ನಾವಿಬ್ಬರು ಹೆಂಗಸರು. ಕೊನೆಗೆ ಬಣ್ಣದ ಕೆಲಸ ಪೂರ್ತಿ ನನ್ನದು, ಯಾಕೆಂದರೆ ನನ್ನ ಕೈಯಲ್ಲಿ ಬ್ರಶ್ಶಿನ ಗೆರೆ ಮೂಡುತ್ತಿರಲಿಲ್ಲ.

ರಸ್ತೆಯಲ್ಲಿ ಹೋಗುವವರಿಗೆಲ್ಲ ನಾವು ತಮಾಷೆಯಾಗಿದ್ದೆವು. ಪಕ್ಕದ ಮನೆಯ ಮರಾಠಿ ಅಜ್ಜಿ ದಿನಾ ಬೇಲಿಯ ಹತ್ತಿರ ನಿಂತು, "ಕಾಯ್ ಗ, ಟ್ರಕ್‌ಲಾ ಆಂಘೋಳ ಘಾಲತೇಸ್ ಕಾ?" ಎಂದು ಕೇಳುತ್ತಿದ್ದಳು. ಹೌದಜ್ಜಿ, ಲಾರಿಗೆ ಎಣ್ಣೆಸ್ನಾನ ಮಾಡಿಸುತ್ತಿದ್ದೇವೆ ಎಂದು ನಾನೂ ಮರಾಠಿಯಲ್ಲೇ ಹೇಳುತ್ತಿದ್ದೆ. ವೈನಿ ನಗುತ್ತ, "ನಿನ್ನ ಗಂಡಗ ಹಿಂಗ ತಿಕ್ಕಬ್ಯಾಡ ಮತ್ತ, ಬಣ್ಣ ಬಿಟ್ಟಾನು" ಎನ್ನುತ್ತಿದ್ದಳು. ಅವಳ ನಗು ಸದ್ದಿಲ್ಲದ್ದು, ಹೆಗಲು ಮಾತ್ರ ಕುಣಿಯುತ್ತಿತ್ತು. ಅವಳ ಬಗ್ಗೆ ನಾನು ಎಲ್ಲರಿಗೂ ಹೇಳಬಲ್ಲದ್ದು ಇದೊಂದೇ ಆಗಿಬಿಟ್ಟಿದೆ. ಇನ್ನುಳಿದದ್ದನ್ನು ಹೇಳಲು ಬಾಯಿ ತೆರೆದರೆ ಮುಂದಿನದೂ ಹೊರಗೆ ಬಂದೀತೆಂಬ ಹೆದರಿಕೆ.

ಗಂಡನ ಮಾತು ಸುಮ್ಮನೆ ಬಂದದ್ದಲ್ಲ. ಆ ದಿನಗಳಲ್ಲೇ ಪುಣೆಯ ಕ್ಯಾಂಪ್ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗನ ಕಡೆಯವರು ನನ್ನನ್ನು ನೋಡಲು ಬಂದರು. ಎಷ್ಟು ತೊಳೆದರೂ ಕೆಂಪು ಬಣ್ಣ ಉಗುರು ಸಂದಿಯಿಂದ, ಅಂಗೈ ಗೆರೆಗಳಿಂದ ಹೋಗಿರಲಿಲ್ಲ. ಹುಡುಗನ ತಾಯಿ ನನ್ನ ಕೈ ಹಿಡಿದು, ಮದರಂಗಿ ಹಚ್ಚಿದ್ದೆಯಾ, ಯಾಕೋ ಸರಿಯಾಗಿ ಏರಿಲ್ಲ ಎಂದರು. ನಾನು ಹೌದೆಂದು ತಲೆ ಅಲ್ಲಾಡಿಸಿದೆ. ವೈನಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಸಂಬಂಧ ಗಟ್ಟಿಯಾಯಿತು. ಲಾರಿ ರಸ್ತೆಗೆ ಇಳಿದು ಒಂದೆರಡು ತಿಂಗಳು ಓಡಿದ ಮೇಲೆ ಮದುವೆ ಎಂದು ಹಿರಿಯರು ಮಾತಾಡಿಕೊಂಡರು. ಆಮೇಲೆ ನಾನು ಚಾಸಿಯನ್ನು ಬಲು ಬೇಗ ಬೇಗ ತಿಕ್ಕತೊಡಗಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಮ್ಮಲ್ಲಿ ಖಂಡೇನವಮಿಗೆ ಮನೆಯ ಕಬ್ಬಿಣದ ಸಾಮಾನಿಗೆಲ್ಲ ಪೂಜೆ. ಹಿಂದಿನ ದಿನ ಸಂಜೆಯೇ ಸುತ್ತಿಗೆ, ಪಾನಾ, ಡ್ರಿಲ್ಲು, ಉಳಿ ಎಲ್ಲ ತೊಳೆದು ಹಲಗೆಯ ಮೇಲೆ ಜೋಡಿಸಬೇಕು. ಪೂಜೆಗೆ ಕೂತ ಸಾಮಾನನ್ನು ದಸರೆಯ ತನಕ ಯಾರೂ ಮುಟ್ಟುವಂತಿಲ್ಲ, ಅವಕ್ಕೆ ವಿಶ್ರಾಂತಿ. ಆ ವರ್ಷ ಅವ್ವ ಚಾಸಿಗೂ ಪೂಜೆ ಮಾಡುವುದೆಂದು ನಿಶ್ಚಯಿಸಿದ್ದಳು. ಊನ ಇದ್ದ ವಸ್ತುವಿಗೆ ಪೂಜೆ ಸಲ್ಲದು, ಎಲ್ಲ ಕೆಲಸ ಮುಗಿಸಿರಿ ಎಂದು ನಾಲ್ಕು ದಿನದಿಂದ ಹೇಳುತ್ತಿದ್ದಳು.

ಕ್ಯಾಬಿನ್ನಿನ ಹಿಂದೆ ಬರುವ ಒಂದು ಗೇಣು ಜಾಗ ಮಾತ್ರ ಉಳಿದಿತ್ತು. ಅಣ್ಣ ಅಲ್ಲಿ ಬಡಿದು ನೋಡಿ, ಸರಿ ಇದೆ ಎಂದು ಹೇಳಿ, ಕಬ್ಬು ಮತ್ತು ಚೆಂಡು ಹೂ ತರಲು ಪೇಟೆಗೆ ಹೋಗಿದ್ದ. ವೈನಿ ಒಳಗೆ ಹೋಳಿಗೆಗೆ ಹೂರಣ ಕುದಿಸುತ್ತಿದ್ದಳು. ನಾನು ಬ್ರಶ್ಶಿನಿಂದ ತಿಕ್ಕುತ್ತಿದ್ದೆ. ಕಬ್ಬಿಣ ಎಲ್ಲ ಕಡೆ ಹೊಳೆಯಿತು. ರಿವೆಟ್ಟಿನ ಬುಡದಿಂದ ಕೆಳಕ್ಕೆ ಒಂದು ಕೂದಲೆಳೆ ಮಾತ್ರ ಕಪ್ಪಾಗಿಯೇ ಉಳಿಯಿತು. ಮತ್ತೆ ತಿಕ್ಕಿದೆ, ಹೋಗಲಿಲ್ಲ. ಉಗುರು ಇಟ್ಟು ನೋಡಿದೆ, ಉಗುರು ಸಿಕ್ಕಿತು. ಸುತ್ತಿಗೆಯಿಂದ ಬಡಿದೆ. ದಪ್ ಎಂದಿತು.

ಅಣ್ಣ ಇದನ್ನು ಹೇಗೆ ಸರಿಮಾಡುತ್ತಾನೆಂದು ನನಗೆ ಗೊತ್ತಿತ್ತು. ಸೀಳಿನ ತುದಿಗೆ ಡ್ರಿಲ್ಲಿನಿಂದ ತೂತು ಕೊರೆಯಬೇಕು, ಸೀಳು ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಪಟ್ಟಿ ಕೂರಿಸಬೇಕು. ಇನ್ನೊಂದು ಕಡೆ ಹೀಗೇ ಮಾಡಲು ಅವನಿಗೆ ಎಷ್ಟೋ ದಿನ ಹಿಡಿದಿತ್ತು. ಅಷ್ಟರಲ್ಲಿ ಅವ್ವ ಬಾಗಿಲಲ್ಲಿ ನಿಂತು ಕೂಗಿದಳು.

"ಸುತಿಗಿ ಬ್ರಶ್ ತಾರವಾ, ತೊಳದಿಡತೀನಿ. ಮುಗೀತಿಲ್ಲೋ?"

"ಮುಗೀತವಾ" ಎಂದೆ.

ಸುತ್ತಿಗೆ ಕೊಟ್ಟೆ. ಬಣ್ಣದ ಡಬ್ಬಿ ತೆರೆದೆ. ಒಂದು ಸಲ ಹಚ್ಚಿದರೆ ಗೆರೆ ತೋರಿತು, ಸೀಳು ಬಣ್ಣವನ್ನು ಕುಡಿಯುತ್ತಿತ್ತು. ಮತ್ತೆ ದಪ್ಪಗೆ ಹಚ್ಚಿದೆ. ರಂಗೋಲಿಯ ಕೈ ನೋಡಿ, ಕೊನೆಗೆ ನನಗೇ ಅದು ಎಲ್ಲಿತ್ತೆಂದು ತಿಳಿಯಲಿಲ್ಲ. ಪೂಜೆ ಆಗಲಿ, ದಸರೆಗೆ ಸಾಮಾನು ಎತ್ತಿದ ಕೂಡಲೇ ಹೇಳುತ್ತೇನೆ ಎಂದುಕೊಂಡೆ. ಅವ್ವನ ಪೂಜೆ ಕೆಡಬಾರದೆಂದು ಹೀಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಅರ್ಧ ನಿಜ. ಇನ್ನರ್ಧ, ನನ್ನ ಮದುವೆ.

ದಸರೆಯ ದಿನ ಬನ್ನಿ ಎಲೆ ಕೊಟ್ಟು ಅಣ್ಣನ ಕಾಲಿಗೆ ನಮಸ್ಕಾರ ಮಾಡಿದೆ. ಬಂಗಾರದ ಹಾಗೆ ಇರೋಣ ಎಂದು ಅವನು ನನ್ನ ತಲೆ ಮುಟ್ಟಿದ. ಆಗ ಹೇಳಬಹುದಿತ್ತು. ಅವನ ಮುಖ ಎಷ್ಟು ಖುಷಿಯಲ್ಲಿತ್ತೆಂದರೆ, ನಾಳೆ ಹೇಳಿದರಾಯಿತು ಎನಿಸಿತು. ಮರುದಿನ ಕೆಂಪಿನ ಮೇಲೆ ಕಪ್ಪು ಬಣ್ಣ ಬಿತ್ತು. ಆಮೇಲೆ ಇಂಜಿನ್ ಕೂತಿತು, ಹೊಸ ಕ್ಯಾಬಿನ್ನು ಕೂತಿತು. ಒಂದೊಂದು ಕೂತ ಹಾಗೆ ಹೇಳುವುದು ಕಷ್ಟವಾಗುತ್ತ ಹೋಯಿತು, ಯಾಕೆಂದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಆ ಚಳಿಗಾಲ ಮುಗಿಯುವುದರೊಳಗೆ ನಾನು ಮದುವೆಯಾಗಿ ಕ್ಯಾಂಪಿನ ಹತ್ತಿರದ ಮನೆಗೆ ಬಂದೆ. ಲಾರಿ ಎರಡು ವರ್ಷ ಚೆನ್ನಾಗಿಯೇ ಓಡಿತು. ಕಬ್ಬಿಣದ ಗಾಯ ತಾನಾಗಿ ಮಾಯುವುದಿಲ್ಲ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಆದರೂ ಮಾಯ್ದಿದೆ ಎಂದೇ ನಂಬಿದೆ.

ವೈನಿ ತವರಿನಲ್ಲಿ ತಮ್ಮನ ಮದುವೆ ಮುಗಿಸಿಕೊಂಡು ಬರಬೇಕಿತ್ತು. ಅಣ್ಣ ಕೊಲ್ಹಾಪುರದಿಂದ ಬೆಲ್ಲ ಹೇರಿಕೊಂಡು ಬರುವಾಗ ಅವಳನ್ನೂ ಕೂರಿಸಿಕೊಂಡ. ಗೌರಿ ಶಾಲೆ ತಪ್ಪಬಾರದೆಂದು ನನ್ನ ಬಳಿ ಇದ್ದಳು. ಕಾತ್ರಜ ಘಾಟು ಇಳಿಯುವಾಗ ಕ್ಯಾಬಿನ್ನಿನ ಹಿಂದೆ ಚಾಸಿ ಮುರಿಯಿತು. ಹಿಂದಿನ ಭಾರ ಮುಂದಕ್ಕೆ ನುಗ್ಗಿ ಲಾರಿಯನ್ನು ಎಡಗಡೆಯ ಬಂಡೆಗೆ ಒತ್ತಿತು. ವೈನಿ ಕೂತಿದ್ದು ಎಡಗಡೆ. ಅಲ್ಲಿಂದ ನೋಡಿದರೆ ನಮ್ಮ ಹಳೆಯ ಮನೆಯ ತಗಡು ಕಾಣುತ್ತದೆ.

ಅಣ್ಣನ ಪಕ್ಕೆಲುಬು ಮುರಿದವು, ಅವು ಕೂಡಿದವು. ವೈನಿಯ ಮಣ್ಣಿಗೆ ಬಂದವರೆಲ್ಲ ಒಂದೇ ಮಾತು ಆಡಿದರು: ಆಸೆಗೆ ಬಿದ್ದು ಬೆಲ್ಲದ ಪೆಂಟೆ ಹೆಚ್ಚಿಗೆ ಹೇರಿದ್ದ, ಅದಕ್ಕೇ ಲಾರಿ ಮುರಿಯಿತು. ಅವನು ಹೆಚ್ಚಿಗೆ ಹೇರಿದ್ದು ನಿಜ, ಎಲ್ಲರೂ ಹೇರುತ್ತಿದ್ದರು. ಗೋಡೆಗೆ ಒರಗಿ ಕೂತ ಅಣ್ಣನಿಗೆ ನಾನು ಚಹಾ ಕೊಟ್ಟೆ. ಲೋಟ ಕೈಗಿಡುವಾಗ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಕ್ಕರೆ ಸಾಕೇ ಎಂದು ಕೇಳಿದೆ.

ಆಮೇಲೆ ಅವನು ಸ್ಟೇರಿಂಗ್ ಮುಟ್ಟಲಿಲ್ಲ. ಒಂದು ಗೋದಾಮಿನ ಗೇಟಿನಲ್ಲಿ ಕೆಲಸಕ್ಕೆ ಕೂತ. ಗೌರಿ ನನ್ನ ಮನೆಯಲ್ಲೇ ಬೆಳೆದಳು. ಮಣ್ಣಿನ ದಿನದ ಮಾತು ಅವಳ ಕಿವಿಗೂ ಬಿದ್ದಿತ್ತು. ಅಣ್ಣ ರವಿವಾರ ಬಾಳೆಹಣ್ಣು ಹಿಡಿದುಕೊಂಡು ಬಂದರೆ ಹಣ್ಣು ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು, ಅಂಚೆಯವನ ಕೈಯಿಂದ ಕಾಗದ ತೆಗೆದುಕೊಂಡ ಹಾಗೆ. ಅವಳಿಗೆ ನಾನು ಎಣ್ಣೆ ಹಚ್ಚಿ ತಲೆ ಬಾಚಿದೆ, ಜ್ವರ ಬಂದರೆ ಪಕ್ಕದಲ್ಲಿ ಮಲಗಿದೆ. ತಾಯಿಗಿಂತ ಹೆಚ್ಚು ಎಂದು ಜನ ಹೊಗಳಿದರು. ಹೊಗಳಿಕೆಯನ್ನೂ ತೆಗೆದುಕೊಂಡೆ.

ಕಳೆದ ವಾರ, ಸರಳುಗಳ ಕೆಂಪು ಇನ್ನೂ ಹಸಿಯಿದ್ದಾಗಲೇ ಅಣ್ಣ ಬಂದ. ಧಾರೆ ಎರೆಯಲು ಯಾರು ಕೂರಬೇಕೆಂಬ ಮಾತು ಎದ್ದಿತು. ಹೆಂಡತಿ ಇಲ್ಲದವನು ಕೂರುವುದಿಲ್ಲ, ದಂಪತಿ ಬೇಕು ಎನ್ನುವ ಪದ್ಧತಿಯೇನೋ ಇದೆ. ಆದರೂ ಅಣ್ಣ ಪಕ್ಕದಲ್ಲಿ ನಿಂತು ಕೈ ಹಚ್ಚಲಿ ಎಂದು ನನ್ನ ಗಂಡ ಹೇಳಿದರು. ಗೌರಿ ಬಾಗಿಲಲ್ಲಿ ನಿಂತಿದ್ದಳು.

"ಅಪ್ಪನ ಕೈ ಬ್ಯಾಡ" ಎಂದಳು. "ಅತ್ತಿ, ನೀವು ಮಾಮಾ ಇಬ್ಬರ ಎರೀರಿ. ನನ್ನ ಸಾಕಿದ ಕೈ ಅದು."

ಅಣ್ಣ ತನ್ನ ಅಂಗೈ ನೋಡಿಕೊಂಡ. ಆಮೇಲೆ ನಿಧಾನವಾಗಿ ಹೇಳಿದ, "ಆಕಿ ಹೇಳೂದು ಖರೇ ಅದ. ಮುರದ ಚಾಸಿ ನಾ ನೋಡೀನಿ ತಂಗಿ. ಸೀಳು ಹಳೇದು. ಒಳಗ ಕೆಂಪು ಬಣ್ಣ ಇಳದಿತ್ತು. ಅಂದ್ರ ನಾವು ಬಣ್ಣ ಹಚ್ಚೂ ಮೊದಲ ಇತ್ತದು. ಆ ಜಾಗಾ ಬಡದು ಸರಿ ಅದ ಅಂದಾಂವ ನಾನ. ಹೂವು ತರಾಕ ಹೋಗೂ ಅವಸರದಾಗ ನನ್ನ ಕಿವಿ ತಪ್ಪಿತು. ಬೆಲ್ಲದ್ದಲ್ಲ, ನಂದ ತಪ್ಪು."

ಅವನಿಗೆ ಎಲ್ಲ ಗೊತ್ತಿತ್ತು. ಬಣ್ಣ ಹಚ್ಚಿದವಳು ನಾನೆಂಬುದೂ ಗೊತ್ತಿತ್ತು. ನಾನು ನೋಡಿಯೂ ಮುಚ್ಚಿರಬಹುದು ಎಂಬುದೊಂದು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವನ ತಲೆಗೆ ಬಂದಿರಲಿಲ್ಲ. ನಾನು ಕೂತಲ್ಲಿಂದ ಎದ್ದು ಅವನೆದುರು ನೆಲಕ್ಕೆ ಕೂತೆ. ದನಿ ಗಟ್ಟಿಯಾಗಿಯೇ ಬಂತು, ಬಾಗಿಲಲ್ಲಿದ್ದ ಗೌರಿಗೂ ಕೇಳುವಷ್ಟು.

"ನಿನ್ನ ಕಿವಿ ತಪ್ಪಿದ್ರೂ ನನ್ನ ಕಣ್ಣು ತಪ್ಪಿರಲಿಲ್ಲ ಅಣ್ಣಾ. ಆ ಸೀಳು ನಾ ನೋಡಿದ್ದೆ. ಬಡದೂ ನೋಡಿದ್ದೆ. ನನ್ನ ಮದುವಿ ಮುಂದ ಹೋದೀತಂತ ನಿನಗ ಹೇಳಲಿಲ್ಲ, ಮ್ಯಾಲ ಬಣ್ಣ ಹಚ್ಚಿದೆ. ವೈನಿ ಹೋದ ಮ್ಯಾಲೂ ಹೇಳಲಿಲ್ಲ. ಗೌರಿ, ನಿಮ್ಮಪ್ಪನ ಕೈಯಾಗ ಏನೂ ಇಲ್ಲವಾ, ಇರೂದೆಲ್ಲಾ ನನ್ನ ಕೈಯಾಗ ಅದ. ತಪ್ಪಾತು ಅಣ್ಣಾ. ನಂದು ತಪ್ಪಾತು."