ಕಾಡಿಗೆಯ ಹಾಗೆ

ಕಳೆದ ಭಾನುವಾರ ನಮ್ಮ ಮನೆಯ ಪುಟ್ಟ ಮಗುವಿನ ಕೆನ್ನೆಗೆ ಒಂದು ದೃಷ್ಟಿಬೊಟ್ಟು ಬಿತ್ತು. ಅದರ ದೆಸೆಯಿಂದ ಗುರುವಾಯನಕೆರೆಯಿಂದ ಬೆಳ್ತಂಗಡಿಯ ಮಕ್ಕಳ ಡಾಕ್ಟರಲ್ಲಿಗೆ ಆಟೋದಲ್ಲಿ ಓಡಬೇಕಾಯಿತು. ದೃಷ್ಟಿ ತಾಗಿ ಅಲ್ಲ. ಬೊಟ್ಟೇ ತಾಗಿ.

ಮೊದಲಿನಿಂದ ಹೇಳುತ್ತೇನೆ.

ನನ್ನ ಅಣ್ಣನ ಮಗಳು ಶ್ರಾವ್ಯ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ವಿಷಯ, ಕಾರ್ಬನ್ ನ್ಯಾನೋಟ್ಯೂಬ್. (ಪುಟ ತಿರುಗಿಸಬೇಡಿ. ನನಗೂ ನಿಮ್ಮಷ್ಟೇ ಗೊತ್ತು.) ಅವಳ ಲ್ಯಾಬನ್ನು ಒಮ್ಮೆ ನೋಡಿ ಬಂದಿದ್ದೆ. ಉದ್ದನೆಯ ಗಾಜಿನಂಥ ಕೊಳವೆ, ಸುತ್ತ ಕರೆಂಟಿನ ಕುಲುಮೆ. ಕೊಳವೆಯ ಒಂದು ತುದಿಯಿಂದ ಅಸಿಟಿಲೀನ್ ಬಿಡುತ್ತಾರೆ. ವೆಲ್ಡಿಂಗ್ ಶಾಪಿನಲ್ಲಿ ಬಳಸುತ್ತಾರಲ್ಲ, ಅದೇ ಗ್ಯಾಸ್. ಒಳಗೆ ಉಗುರಗಲದ ಸಿಲಿಕಾನ್ ಬಿಲ್ಲೆ, ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳು. ಕಾವಿಗೆ ಗ್ಯಾಸ್ ಒಡೆದು, ಅದರಲ್ಲಿದ್ದ ಕಾರ್ಬನ್ ಆ ಕಣಗಳನ್ನು ಹಿಡಿದು ಮೇಲೇಳುತ್ತದೆ, ಗದ್ದೆಯ ನೇಜಿಯಂತೆ, ಎಳೆಯ ಭತ್ತದ ಪೈರಿನಂತೆ. ಒಂದೊಂದು ಎಸಳೂ ಟೊಳ್ಳು ಕೊಳವೆ. ತಲೆಕೂದಲಿಗಿಂತ ಸಾವಿರಾರು ಪಟ್ಟು ಸಪೂರ. ನಾಳೆಯ ಬ್ಯಾಟರಿಗೆ, ವಿಮಾನದ ರೆಕ್ಕೆಗೆ ಇದೇ ಬೇಕಂತೆ.

ಆದರೆ ಕುಲುಮೆಯಿಂದ ಹೊರಗೆ ತೆಗೆದಾಗ ನಮ್ಮ ಕಣ್ಣಿಗೆ ಕಾಣುವುದು ಬರೀ ಕಪ್ಪು.

ಇದನ್ನು ನನ್ನ ಅಮ್ಮನಿಗೆ, ಎಂದರೆ ಅವಳ ಅಜ್ಜಿಗೆ, ವಿವರಿಸುವುದು ಹೇಗೆ? ಹೋದ ತಿಂಗಳು ಅಮ್ಮ ಫೋನಿನಲ್ಲಿ ಹಿಡಿದ ಪಟ್ಟು ಬಿಡಲಿಲ್ಲ. "ಇಡೀ ದಿನ ನೀನು ಅಲ್ಲಿ ಮಾಡುವುದಾದರೂ ಎಂತ?" (ನಮ್ಮ ಮನೆಯ ಮಾತು ತುಳು. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.)

ಪಕ್ಕದಲ್ಲಿದ್ದ ನಾನು, "ಸುಲಭದಲ್ಲಿ ಹೇಳು ಮಾರಾಯ್ತಿ" ಅಂದೆ.

ಶ್ರಾವ್ಯ ಸ್ವಲ್ಪ ಯೋಚಿಸಿ ಹೇಳಿದಳು. "ನೀವು ದೀಪದ ಮೇಲೆ ಕಂಚಿನ ಬಟ್ಟಲು ಕವುಚಿ ಹಾಕಿ ಕಾಡಿಗೆ ಹಿಡಿಯುವುದಿಲ್ವಾ ಅಜ್ಜಿ? ಹಾಗೆಯೇ. ನಾನು ಗ್ಯಾಸಿನಿಂದ ಕಾಡಿಗೆ ಹಿಡಿಯುತ್ತೇನೆ."

ಅಮ್ಮನ ಮುಖ ಅರಳಿತು. "ಹಾಗಾದರೆ ಮಗುವಿನ ತೊಟ್ಟಿಲಿಗೆ ಬರುವಾಗ ಸ್ವಲ್ಪ ತಾ. ಅಂಗಡಿಯದ್ದರಲ್ಲಿ ಎಂತೆಂತದ್ದೋ ಉಂಟಂತೆ."

ಶ್ರಾವ್ಯ ನಕ್ಕಳು. ನಾನೂ ನಕ್ಕೆ. ವಿಜ್ಞಾನವನ್ನು ಹೇಳಿಕೊಡುವುದೆಂದರೆ ಹೀಗೆ ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಆ ನಗುವನ್ನು ಅಮ್ಮ ‘ಆಯ್ತು’ ಎಂದು ತಿಳಿದದ್ದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ನನ್ನ ಮಗಳು ದೀಪ್ತಿಯ ಕೂಸಿಗೆ ತೊಟ್ಟಿಲು, ನಾಮಕರಣ. ಶ್ರಾವ್ಯ ವೇಣೂರು ದಾರಿಯ ಬಸ್ಸಿನಲ್ಲಿ ಬೆಳಿಗ್ಗೆಯೇ ಬಂದಳು. ಬ್ಯಾಗಿನಲ್ಲಿ ಮುಚ್ಚಳದ ಒಂದು ಪುಟ್ಟ ಡಬ್ಬಿ, ಅದರೊಳಗೆ ಕುಲುಮೆಯಿಂದ ತೆಗೆದ ಬಿಲ್ಲೆ. ಎಷ್ಟೋ ಸಲ ಕೈಕೊಟ್ಟ ಮೇಲೆ ಈ ಸಲ ಕೊಳವೆಗಳು ನೆಟ್ಟಗೆ ಎದ್ದಿದ್ದವಂತೆ. ಮರುದಿನ ಮಂಗಳೂರಿಗೆ ಹೋಗಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಮನೆ ತುಂಬ ನೆಂಟರು, ಮಕ್ಕಳು. ಡಬ್ಬಿಯನ್ನು ಎಲ್ಲಿಡುವುದು? ದೇವರ ಕೋಣೆಯಲ್ಲಿ ಇಟ್ಟಳು. (ಎಷ್ಟೇ ಓದಿದರೂ ನಮ್ಮವರಿಗೆ ಜೋಪಾನದ ಜಾಗ ಅದೊಂದೇ.)

ದೀಪ ಹಚ್ಚಲು ಹೋದ ಅಮ್ಮ ಅದನ್ನು ನೋಡಿದರು. ಒಳಗೆ ಕಪ್ಪು. ಮೊಮ್ಮಗಳು ನೆನಪಿಟ್ಟು ತಂದಿದ್ದಾಳೆ, ದೇವರ ಎದುರು ಇಟ್ಟೂ ಇದ್ದಾಳೆ. ಇನ್ನೇನು ಬೇಕು? ಬೆರಳಿನಿಂದ ತೆಗೆದು, ತುಪ್ಪದಲ್ಲಿ ಕಲಸಿ, ಮಗುವಿನ ಕೆನ್ನೆಗೊಂದು, ಅಂಗಾಲಿಗೊಂದು ಬೊಟ್ಟು ಇಟ್ಟರು.

ಮಗುವನ್ನು ಎತ್ತಿಕೊಂಡ ಶ್ರಾವ್ಯ ಕೆನ್ನೆಯನ್ನೇ ನೋಡಿದಳು. "ಅಜ್ಜಿ, ಈ ಬೊಟ್ಟು?"

"ನೀನು ತಂದದ್ದೇ."

ಅವಳು ಕೂಗಲಿಲ್ಲ. ಮಗುವಿನ ಎರಡೂ ಮುಷ್ಟಿಗಳನ್ನು ತನ್ನ ಕೈಯೊಳಗೆ ಹಿಡಿದುಕೊಂಡಳು, ಕೆನ್ನೆ ಉಜ್ಜಿ ಬಾಯಿಗೆ ಹಾಕಿಕೊಳ್ಳದ ಹಾಗೆ. "ಅತ್ತೆ, ಒದ್ದೆ ಬಟ್ಟೆ ಕೊಡಿ. ಉಜ್ಜುವುದು ಬೇಡ, ಒತ್ತಿ ಒತ್ತಿ ತೆಗೆಯುವ. ಅಜ್ಜಿಯ ಕೈಯನ್ನೂ ತೊಳೆಸಿ." ದೀಪ್ತಿ ಬೆಳ್ಳಗಾಗಿದ್ದಳು. ನಾನು ಬಟ್ಟೆ ಒದ್ದೆ ಮಾಡಿ ತಂದುಕೊಟ್ಟೆ.

ಆಟೋದಲ್ಲಿ ಅವಳು ಹೇಳಿದ ಮಾತು ಫೋನಿನಲ್ಲಿ ಹೇಳಿರಲಿಲ್ಲ. ಉದ್ದವಾಗಿ, ಗಟ್ಟಿಯಾಗಿರುವ ಕೆಲವು ನ್ಯಾನೋಟ್ಯೂಬ್‌ಗಳು ಉಸಿರಿನ ಜೊತೆ ಒಳಗೆ ಹೋದರೆ, ಆಸ್ಬೆಸ್ಟಾಸ್ ನಾರಿನಂತೆ ಶ್ವಾಸಕೋಶದಲ್ಲಿ ಕೂತುಬಿಡಬಹುದೆಂಬ ಭಯ ಇದೆಯಂತೆ. ಲ್ಯಾಬಿನಲ್ಲಿ ಮಾಸ್ಕು, ಗ್ಲೌಸು ಅದಕ್ಕೇ. (ನಾನು ಅವನ್ನು ಫೋಟೋದಲ್ಲೂ ನೋಡಿದ್ದೆ. ಏಕೆಂದು ಕೇಳಿದೆನೇ?) ತುಪ್ಪದಲ್ಲಿ ಕಲಸಿದ್ದರಿಂದ ಮಗುವಿನ ಹತ್ತಿರ ಹುಡಿ ಹಾರಿರಲಿಕ್ಕಿಲ್ಲ ಎಂಬುದೊಂದೇ ಸಮಾಧಾನ.

ಡಾಕ್ಟರು ಮಗುವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅದು ಎಂತದು? ಕಾಡಿಗೆಯ ಹಾಗಿನದ್ದಾ?"

"ಅಲ್ಲ ಡಾಕ್ಟ್ರೇ," ಅಂದಳು ಶ್ರಾವ್ಯ. "ಕಾಡಿಗೆಯ ಹಾಗೆ ಅಲ್ಲ." ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಈ ಸಲ ಒಂದನ್ನೂ ಸುಲಭ ಮಾಡಲಿಲ್ಲ.

ಅವರೂ ಇದ್ದದ್ದನ್ನೇ ಹೇಳಿದರು. ಚರ್ಮ ಚೆನ್ನಾಗಿದೆ, ಉಸಿರಾಟ ಸರಿ ಇದೆ, ಕೆಲವು ದಿನ ಕಣ್ಣಿಟ್ಟಿರಿ. "ಇದರ ಬಗ್ಗೆ ನನಗೂ ಹೆಚ್ಚು ಗೊತ್ತಿಲ್ಲ." ಮಗು ಆಗ ಆಕಳಿಸಿತು. ದೀಪ್ತಿ ಅತ್ತಳು. ಈ ವಾರವಿಡೀ ಮಗು ಆರಾಮವಾಗಿಯೇ ಇದೆ, ಅದನ್ನು ಹೇಳಿಬಿಡುತ್ತೇನೆ.

ಆದರೆ ನನಗೆ ಆರಾಮವಿಲ್ಲ. ನನ್ನ ಬಾಲ್ಯದಲ್ಲಿ ನಮ್ಮ ಬಚ್ಚಲಿನ ಮಾಡಿಗೆ ಸಿಮೆಂಟು ಶೀಟು ಹೊದೆಸಿದಾಗ, "ಹಂಚಿನ ಹಾಗೆಯೇ, ಒಡೆಯುವುದಿಲ್ಲ" ಎಂದು ಯಾರೋ ಹೇಳಿದ್ದರು. ಉಳಿದ ತುಂಡುಗಳಿಂದ ನಾವು ಮಕ್ಕಳು ಅಂಗಳದಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡಿದ್ದೆವು. ಅದರೊಳಗಿದ್ದ ನಾರಿನ ಹೆಸರು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ತೋಟಕ್ಕೆ ಸಿಂಪಡಿಸುವ ವಿಷಕ್ಕೆ ಇವತ್ತಿಗೂ ನಾವು ‘ಮದ್ದು’ ಅನ್ನುತ್ತೇವೆ. ಹೊಸದು ಯಾವುದು ಬಂದರೂ ಹಳೆಯದರ ಹೆಸರು ಕೊಟ್ಟು ಒಳಗೆ ಕರೆದುಕೊಳ್ಳುತ್ತೇವೆ. ‘ಸುಲಭದಲ್ಲಿ ಹೇಳಿ’ ಎಂದಾಗ ಮೊದಲು ಉದುರುವುದು ಎಚ್ಚರಿಕೆಯ ಮಾತೇ ಏಕೆ? ಪತ್ರಿಕೆಗೆ ಬರೆಯುವ ನನ್ನಂಥವರ ಕಸುಬೇ ಸುಲಭ ಮಾಡುವುದು. ಯಾರನ್ನು ಕೇಳಲಿ?

ಡಬ್ಬಿಯೊಳಗಿನ ಸಿಲಿಕಾನ್ ಬಿಲ್ಲೆಯ ಮೇಲೆ ಅಮ್ಮನ ಬೆರಳಿನ ಗೆರೆ ಅಗಲವಾಗಿ ಎದ್ದು ಕಾಣುತ್ತಿತ್ತು. ಶ್ರಾವ್ಯ ಸೋಮವಾರ ಮಂಗಳೂರಿಗೆ ಹೋಗಲಿಲ್ಲ. ಎಲ್ಲ ಮೊದಲಿನಿಂದ ಬೆಳೆಸಬೇಕು.

ಹೆಸರಿಡುವ ಶಾಸ್ತ್ರ ಭಾನುವಾರವೇ, ತಡವಾಗಿಯಾದರೂ ನಡೆಯಿತು. ಅಮ್ಮ ಪಾಯಸ ಮುಟ್ಟಲಿಲ್ಲ. ನೆಂಟರು ಹೋದ ಮೇಲೆ ತೊಟ್ಟಿಲಿನಿಂದ ದೂರ ಗೋಡೆಗೊರಗಿ ಕೂತಿದ್ದರು, ಮತ್ತೆ ಮತ್ತೆ ಸಾಬೂನು ಹಾಕಿ ತೊಳೆದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು.

ಶ್ರಾವ್ಯ ಹೋಗಿ ಪಕ್ಕದಲ್ಲಿ ಕೂತಳು. "ನಿಮ್ಮ ತಪ್ಪಲ್ಲ ಅಜ್ಜಿ. ಕಾಡಿಗೆ ಅಂದದ್ದು ನಾನು."

"ಯಾಕೆ ಹಾಗೆ ಅಂದದ್ದು?"

"ನಿಮಗೆ ಅರ್ಥ ಆಗಲಿ ಅಂತ."

"ಅರ್ಥ ಆಯ್ತು ಮಗಾ," ಅಂದರು ಅಮ್ಮ. "ಅದಕ್ಕೇ ಹಚ್ಚಿದ್ದು."