ಟವೆಲ್ಲಿನ ಕೆಳಗಿನ ರೇಟು

ಕೊರೋನಾ ಮುಗಿದ ಮರುವರ್ಷ. ವಿಜಯಪುರದ ಜೋರಾಪುರ ಪೇಟೆಯಲ್ಲಿ ಹಳೆ ಗಾಡಿಗಳನ್ನು ಕೊಂಡು ಮಾರುವ ಅಂಗಡಿಯೊಂದರಲ್ಲಿ ಕಾಗದಪತ್ರದ ಕೆಲಸ ನನ್ನದು. ಆರ್‌ಸಿಯಲ್ಲಿ ಹೆಸರು ಬದಲಿಸುವುದು, ಇನ್ಶೂರೆನ್ಸ್, ಸಾಲ ತೀರಿದೆ ಎಂದು ಬ್ಯಾಂಕು ಕೊಡುವ ಎನ್‌ಒಸಿ, ಎಲ್ಲ ನನ್ನ ಟೇಬಲ್ಲಿಗೇ ಬರುತ್ತಿತ್ತು. ರೇಟು ಕುದುರಿಸುವ ಕಡೆಗೆ ಮಾತ್ರ ನಾನು ತಲೆ ಹಾಕುವಂತಿರಲಿಲ್ಲ.

ನಮ್ಮ ಸಾಹುಕಾರರು ಮೊದಲು ಎತ್ತಿನ ಸಂತೆಯಲ್ಲಿ ದಲಾಲಿ ಮಾಡಿದವರು. ಅಲ್ಲಿಯ ಪದ್ಧತಿಯನ್ನೇ ಇಲ್ಲಿಗೂ ತಂದಿದ್ದರು. ಮಾರುವವರು, ಕೊಳ್ಳುವವರು ಕೈ ಹಿಡಿಯಬೇಕು, ಮೇಲೆ ಟವೆಲ್ ಮುಚ್ಚಬೇಕು, ಬೆರಳು ಒತ್ತಿ ರೇಟು ಹೇಳಬೇಕು. ಪಕ್ಕದಲ್ಲಿ ನಿಂತವರಿಗೂ ತಿಳಿಯುವುದಿಲ್ಲ. ಎತ್ತಿಗೆ ಇದು ಸರಿಯೋ ಏನೋ, ಗೊತ್ತಿಲ್ಲ. ಆದರೆ ಗಂಡಸರು ಪರ ಹೆಂಗಸರ ಕೈ ಹಿಡಿಯುವುದುಂಟೇ? ಹೀಗಾಗಿ ಹೆಂಗಸು ಗಾಡಿ ಕೊಳ್ಳಲು ಬಂದರೆ, ಜೊತೆಗೆ ಬಂದ ಗಂಡಸೇ ಕೈ ಕೊಡುತ್ತಿದ್ದ. ಆತ ಹೇಳಿದ್ದೇ ರೇಟು. ಹೀಗೆ ರೇಟು ಏರಿಸಿ ಹೆಚ್ಚು ಬಂದ ರೊಕ್ಕದಲ್ಲಿ ಆತನಿಗೂ ಒಂದು ಪಾಲು ಆಮೇಲೆ ಮುಟ್ಟುತ್ತಿತ್ತು. ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಟಿಕೋಟಾದಿಂದ ಶಾಂತವ್ವ ಬಂದಳು. ಜೋಳದ ರೊಟ್ಟಿ ಬಡಿದು ವಿಜಯಪುರದ ಖಾನಾವಳಿಗಳಿಗೆ ಕೊಡುವಾಕೆ. ಬಸ್ಸಿಗೆ ಬುಟ್ಟಿ ಹತ್ತಿಸಲು ದಿನಾ ಜಗಳ, ಊಟದ ಹೊತ್ತಿಗೆ ರೊಟ್ಟಿ ಮುಟ್ಟುವುದಿಲ್ಲ. ಒಂದು ಖಾನಾವಳಿಯವರು ಆಗಲೇ ಬೇಡ ಎಂದಿದ್ದರು, ಉಳಿದವರೂ ಮುಖ ತಿರುವುತ್ತಿದ್ದರು. ಅದಕ್ಕೇ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆಸಿದ್ದಳು. ಕೂಡಿಟ್ಟದ್ದೆಲ್ಲ ಗಾಡಿಗೇ ಹೋದರೆ ಟಾಯರಿಗೂ ಇನ್ಶೂರೆನ್ಸಿಗೂ ಏನೂ ಉಳಿಯದು. ಗಾಡಿ ಮನೆ ಮುಂದೆ ನಿಲ್ಲುತ್ತದೆ, ರೊಟ್ಟಿ ಧಂದೆಯೂ ನಿಲ್ಲುತ್ತದೆ. ಜೊತೆಗೆ ಬಂದಿದ್ದವನು ಮೈದುನ ಮಲ್ಲಪ್ಪ.

ಆಕೆ ಒಂದು ಬಿಳಿ ವ್ಯಾನು ಆರಿಸಿ, ಓಡಿಸಿ ನೋಡಿ ಇಳಿಯುವಷ್ಟರಲ್ಲಿ ಮಲ್ಲಪ್ಪನ ಕೈ ಸಾಹುಕಾರರ ಟವೆಲ್ಲಿನ ಕೆಳಗಿತ್ತು.

“ವೈನಿ, ಎರಡು ಲಕ್ಷ ಅರವತ್ತು ಸಾವಿರಕ್ಕ ಒಪ್ಪಿಸೇನಿ. ಇದಕ್ಕಿಂತ ಕಡಿಮಿ ಆಗಂಗಿಲ್ಲ,” ಎಂದ, ಹಿಡಿದ ಕೈ ಬಿಡದೆಯೇ.

ಮುಂಜಾನೆ ಅದೇ ವ್ಯಾನು ತೊಳೆಸುತ್ತ, ಎರಡು ಇಪ್ಪತ್ತಕ್ಕೆ ಹೋದರೆ ಸಾಕು ಎಂದು ಸಾಹುಕಾರರು ನನ್ನ ಮುಂದೆಯೇ ಅಂದಿದ್ದರು. ಶಾಂತವ್ವನ ಮುಖ ಸಣ್ಣದಾಯಿತು. ಇನ್ನು ನನ್ನಿಂದ ತಡೆಯಲಾಗಲಿಲ್ಲ. ಹೋಗಿ ಟವೆಲ್ ಎಳೆದುಬಿಟ್ಟೆ.

ಅಯ್ಯಯ್ಯ, ಆ ನೋಟ! ಎದುರಿನ ಚಹಾದಂಗಡಿಯ ಮಂದಿಯೆಲ್ಲ ನೋಡುತ್ತಿರುವಾಗ ಮೀಸೆ ಹೊತ್ತ ಇಬ್ಬರು ಗಂಡಸರು ಕೈ ಕೈ ಹಿಡಿದುಕೊಂಡು ನಿಂತಿದ್ದರು.

“ಹುಚ್ಚು ಹಿಡದೈತೇನ ನಿನಗ?” ಸಾಹುಕಾರರು ಗುಡುಗಿದರು.

“ರೊಕ್ಕ ಆಕೀದು. ರೇಟು ಆಕೀಗ ಹೇಳ್ರಿ,” ಎಂದೆ.

ಶಾಂತವ್ವ ಸೆರಗು ಬಿಗಿದು, ರೊಟ್ಟಿ ಬಡಿದು ಗಟ್ಟಿಯಾದ ಬಲಗೈಯನ್ನು ಸಾಹುಕಾರರ ಮುಂದೆ ಚಾಚಿದಳು. “ಹಿಡೀರಿ. ರೊಕ್ಕ ಕೊಡಾಕಿ ನಾ ಅದೀನಿ.”

ಅವರು ಗಾಬರಿಯಾಗಿ ಹಿಂದೆ ಸರಿದರು. “ಛೇ ಛೇ, ಹೆಣ್ಮಗಳ ಕೈ ಹೆಂಗ ಹಿಡೀಲಿ ಯವ್ವಾ?”

“ಹಂಗಾರ ಬಾಯಿಲೆ ಹೇಳ್ರಿ. ನಾಕು ಮಂದಿ ಕೇಳಲಿ.”

ಅವರು ನನ್ನ ಕೈಲಿದ್ದ ಟವೆಲ್ಲಿನತ್ತ ಕೈ ಚಾಚಿದರು. ನಾನೇ ಹೇಳಿದೆ: “ಎರಡು ಇಪ್ಪತ್ತು ಅಂತ ಮುಂಜಾನಿ ನೀವ ಅಂದಿದ್ರಿ.”

ಮಲ್ಲಪ್ಪ ನೀರು ಕುಡಿದು ಬರುತ್ತೇನೆಂದು ಹೋದವನು ಮತ್ತೆ ಬರಲೇ ಇಲ್ಲ.

“ಯಾರ ಪಗಾರ ತಿಂತಿ ನೀ?” ಸಾಹುಕಾರರು ನನ್ನ ಮೇಲೆ ಹರಿಹಾಯ್ದರು.

“ನಿಮ್ಮದ್ರಿ. ಇವತ್ತಿಗೆ ಸಾಕು, ನಾಳಿಂದ ಬರಂಗಿಲ್ಲ.”

ಶಾಂತವ್ವ ಟಾಯರನ್ನು ಬಗ್ಗಿ ಮುಟ್ಟಿ ನೋಡಿ, “ಪೂರಾ ಸವದಾವು. ಎರಡು ಹತ್ತು,” ಎಂದಳು. ಚಹಾದಂಗಡಿಯಿಂದ ಯಾರೋ “ಕೊಟ್ಟಬಿಡ್ರಿ ಸಾವ್ಕಾರ್ರ!” ಎಂದು ಕೂಗಿದರು. ಕೊಟ್ಟರು. ಆಕೆಯ ಕಾಗದಪತ್ರ ಮಾಡಿ ಸಹಿ ಹಾಕಿಸಿದೆ. ಅಲ್ಲಿ ಅದೇ ನನ್ನ ಕೊನೆಯ ಕೆಲಸ.

ಈಗ ಬಬಲೇಶ್ವರದಲ್ಲಿ ನನ್ನದೇ ಅಂಗಡಿ. ಪ್ರತಿ ಗಾಡಿಯ ಗ್ಲಾಸಿನ ಮೇಲೆ ರೇಟು ದಪ್ಪಗೆ ಬರೆದಿರುತ್ತದೆ. ಚೌಕಾಶಿ ಮಾಡುವವರು ಗಟ್ಟಿಯಾಗಿ, ಎಲ್ಲರ ಮುಂದೆ ಮಾಡಬೇಕು. ಹಿಂಗ ಮಾಡಿದರೆ ಧಂದೆ ನಡೆಯುವುದಿಲ್ಲ ಎಂದು ನಕ್ಕವರಿದ್ದಾರೆ. ನಗಲಿ ಬಿಡಿ, ನಡೆದಿದೆ. ಬಾಯಿಬಿಟ್ಟು ಹೇಳಲಾಗದ ರೇಟಿಗೆ ಗಾಡಿ ಕೊಳ್ಳಲೂಬಾರದು, ಮಾರಲೂಬಾರದು ಎಂಬುದನ್ನು ಆ ಹಳೆ ಅಂಗಡಿಯ ಕೆಲಸವೇ ನನಗೆ ಕಲಿಸಿತು.

ಅವತ್ತು ಕೈಯಲ್ಲೇ ಉಳಿದ ಟವೆಲ್ ಈಗಲೂ ನನ್ನ ಬಳಿ ಇದೆ. ಗಾಡಿಯ ಗ್ಲಾಸು ಒರೆಸಲು ಭಾಳ ಚಲೋ.