ಓನರಮ್ಮನ ಪರದೆ

ಹೇರೋಹಳ್ಳಿಯ ನಮ್ಮ ಓನರು ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆದಾರರನ್ನು ಬೆಳೆಯುತ್ತಾರೆ. ಸಾಲಾಗಿ ಮನೆಗಳು, ಎಲ್ಲಕ್ಕೂ ಒಂದೇ ಬಣ್ಣ, ಒಂದೇ ಸಂಪು, ಒಂದೇ ಗೇಟು. ಗೇಟಿನ ಬೀಗದ ಕೈ ಓನರಮ್ಮನ ಸೊಂಟದಲ್ಲಿ. ನಾನು ಮೇಲಿನ ಮನೆಯವಳು. ಮದುವೆ ಯಾಕಾಗಿಲ್ಲ ಎಂಬ ಪ್ರಶ್ನೆಗೆ ಅವರಿಗೆ ಸಮಾಧಾನವಾಗುವಂಥ ಉತ್ತರ ಕೊಟ್ಟ ಮೇಲೆಯೇ ನನಗೆ ಮನೆ ಸಿಕ್ಕಿದ್ದು.

ಇಂಥ ಜಾಗಕ್ಕೆ ಒಂದು ಭಾನುವಾರ ಸಂಶೋಧನೆ ಬಂತು. ಬಾಡಿಗೆ ಮನೆಯ ಹೆಂಗಸರ ಆರೋಗ್ಯ, ಮನಸ್ಸಿನ ಒತ್ತಡ ಅದರ ವಿಷಯ. ಬಂದ ಹುಡುಗಿ ಬಹಳ ಒಳ್ಳೆಯವಳು. ಕೆಟ್ಟವಳಾಗಿದ್ದರೆ ನಾವು ಹುಷಾರಾಗಿರುತ್ತಿದ್ದೆವು. ಮೊದಲು ಓನರನ್ನು ಕಂಡು ಅನುಮತಿ ಕೇಳಿದಳು. ಕೇಳಿದ್ದೇ ತಡ, ಅವರು ನಮ್ಮೆಲ್ಲರ ಪರವಾಗಿ ಒಪ್ಪಿಬಿಟ್ಟರು.

"ನಾನ್ ಹೇಳಿದ್ ಮೇಲೆ ನಮ್ ಬಾಡಿಗೆಯವ್ರು ಇಲ್ಲ ಅನ್ನಲ್ಲ ಕಣಮ್ಮ. ನಮ್ಮನೇಲೇ ಕೂತ್ಕೊ, ಫ್ಯಾನಿದೆ."

ಹೀಗೆ ನಾವು ಸ್ವಇಚ್ಛೆಯಿಂದ ಸಾಲಾಗಿ ನಿಂತೆವು. ಹುಡುಗಿ ಒಬ್ಬೊಬ್ಬರಿಗೂ ಓದಿ ಹೇಳುತ್ತಿದ್ದಳು: ಭಾಗವಹಿಸುವುದು ಬಿಡುವುದು ನಿಮ್ಮಿಷ್ಟ, ನಿಮ್ಮ ಮಾತು ಗೌಪ್ಯ, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಪಕ್ಕದ ಸೋಫಾದಲ್ಲಿ ಅವರೆಕಾಯಿ ಬಿಡಿಸುತ್ತಾ ಓನರಮ್ಮ ತಲೆದೂಗುತ್ತಿದ್ದರು. ನನ್ನ ಸರದಿ ಬಂದಾಗ, ನಿಮ್ಮ ಒತ್ತಡಕ್ಕೆ ಕಾರಣವೇನು ಎಂದು ಕೇಳಿದಳು. ನೀರು ನಿಲ್ಲಿಸುವ ಹೊತ್ತು, ಗೇಟು ಹಾಕುವ ಹೊತ್ತು, ನೆಂಟರು ಬಂದರೆ ನಡೆಯುವ ವಿಚಾರಣೆ, ಎಲ್ಲ ನಾಲಿಗೆಯ ತುದಿಗೆ ಬಂತು. "ಟ್ರಾಫಿಕ್" ಅಂದೆ. ನನ್ನ ಹಿಂದಿದ್ದವಳೂ ಟ್ರಾಫಿಕ್ ಅಂದಳು. ಗೇಟು ದಾಟಿ ಎಷ್ಟೋ ಕಾಲವಾಗಿದ್ದ ಕೊನೇ ಮನೆಯ ಅಜ್ಜಿಯೂ ಟ್ರಾಫಿಕ್ ಅಂದರು.

ಹುಡುಗಿಗೆ ಅನುಮಾನ ಬಂದಿರಬೇಕು. "ಆಂಟಿ, ಇದು ಪ್ರೈವೇಟ್ ಆಗಿ ಮಾತಾಡ್ಬೇಕು, ಸ್ವಲ್ಪ ಒಳಗಡೆ ಇರ್ತೀರಾ?" ಎಂದಳು. ಓನರಮ್ಮ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ನಡುವಿನ ಹೂವಿನ ಪರದೆ ಎಳೆದುಕೊಂಡರು. ಹುಡುಗಿಗೆ ನೆಮ್ಮದಿಯಾಯಿತು. ಪರದೆಗೂ ಗೋಡೆಗೂ ಇರುವ ವ್ಯತ್ಯಾಸ ಅವಳ ಸಿಲೆಬಸ್ಸಿನಲ್ಲಿ ಬಂದಿರಲಿಲ್ಲವೋ ಏನೋ.

ಆಗ ಕೂತವಳು ನನ್ನ ಕೆಳಗಿನ ಮನೆಯವಳು. ಲಗ್ಗೆರೆಯಲ್ಲಿ ಗಾರ್ಮೆಂಟ್ಸ್ ಕೆಲಸ, ಗಂಡ ಇಲ್ಲ, ಮಗಳು ಹಿಂದಿನ ರಸ್ತೆಯ ಸ್ಕೂಲಿನಲ್ಲಿ. ತಾಯಿಗೆ ಫಿಟ್ಸ್ ಬರುತ್ತದೆಂದು ಗೊತ್ತಿದ್ದದ್ದು ನನಗೊಬ್ಬಳಿಗೇ. ಮೊದಲಿದ್ದ ಬಾಡಿಗೆ ಮನೆಯಿಂದ ಅವಳನ್ನು ಬಿಡಿಸಿದ್ದೂ ಅದಕ್ಕೇ. ಆ ಹುಡುಗಿಯಷ್ಟು ಮರ್ಯಾದೆಯಿಂದ ಅವಳನ್ನು ಯಾರೂ ಮಾತಾಡಿಸಿರಲಿಲ್ಲ. ಗೌಪ್ಯ ಎಂದದ್ದನ್ನು ನಂಬಿದಳು. ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದಾಗ ಎಲ್ಲ ಹೇಳಿಬಿಟ್ಟಳು. ಭಾಗವಹಿಸಿದ್ದಕ್ಕೆ ಕೊಡುವ ಸ್ಟೀಲ್ ಡಬ್ಬಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದ ನನಗೂ ಕೇಳಿಸಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಆ ವಾರವೇ ಓನರು ಅವಳಿಗೆ ಮನೆ ಖಾಲಿ ಮಾಡಲು ಹೇಳಿದರು. "ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಪೊಲೀಸ್ನೋರು ನಮ್ಮನ್ನೇ ಕೇಳೋದು. ನಿನ್ ಒಳ್ಳೇದಕ್ಕೇ ಹೇಳ್ತಿರೋದು ಕಣಮ್ಮ."

ತೊಂದರೆಯಾದರೆ ಕರೆ ಮಾಡಿ ಎಂದು ಹುಡುಗಿ ಎಲ್ಲರಿಗೂ ಒಂದು ನಂಬರು ಕೊಟ್ಟಿದ್ದಳು. ಮಾಡು ಅಂದರೆ ಕೆಳಗಿನ ಮನೆಯವಳು, "ಇನ್ಮೇಲೆ ಯಾರಿಗೂ ಏನೂ ಹೇಳಲ್ಲ ಅಕ್ಕ" ಅಂದಳು. ನಾನೇ ಮಾಡಿ, ಫೋನ್ ಎತ್ತಿದ ಅವರ ಆಫೀಸಿನವನಿಗೆ ನಡೆದದ್ದು ಹೇಳಿದೆ.

"ನೀವು ಅವ್ರಿಗೆ ಏನಾಗ್ಬೇಕು ಮೇಡಂ?"

"ಮೇಲ್ಗಡೆ ಮನೆಯವಳು."

"ಹಾಗಾದ್ರೆ ಅವ್ರ ವಿಷ್ಯ ನಿಮ್ ಹತ್ರ ಮಾತಾಡೋಕಾಗಲ್ಲ. ಕಾನ್ಫಿಡೆನ್ಷಿಯಲ್."

ಗೌಪ್ಯತೆ ಇನ್ನೂ ಬದುಕಿದೆ ಎಂದು ಖಚಿತವಾಯಿತು. ನಡು ವರ್ಷದಲ್ಲಿ ಮಗಳ ಸ್ಕೂಲು ಬಿಡಿಸಿ, ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಅವಳು ಹೋದಳು.

ಕೆಲವು ತಿಂಗಳಾದ ಮೇಲೆ ಹುಡುಗಿ ಎರಡನೇ ಸುತ್ತಿಗೆ ಬಂದಳು. ಅದೇ ಫ್ಯಾನು, ಅದೇ ಪರದೆ. ಕೆಳಗಿನ ಮನೆಯವರು ಎಲ್ಲಿ ಎಂದು ಕೇಳಿದಳು.

"ಅವ್ಳೇ ಬಿಟ್ಟೋದ್ಳಮ್ಮ" ಎಂದು ಒಳಗಿನಿಂದ ಓನರಮ್ಮ ಹೇಳಿದರು.

ಹುಡುಗಿ ಟ್ಯಾಬಿನ ಮೇಲೆ ಬೆರಳಾಡಿಸಿದಳು. ಬಗ್ಗಿ ನೋಡಿದೆ. 'ಸ್ವಇಚ್ಛೆಯಿಂದ ಹಿಂದೆ ಸರಿದವರು' ಎಂಬಲ್ಲಿ ಟಿಕ್ ಬಿದ್ದಿತ್ತು.

"ಅವ್ಳು ಹಿಂದೆ ಸರೀಲಿಲ್ಲ ಕಣಮ್ಮ, ನಿನ್ ಹತ್ರ ಮಾತಾಡಿದ್ದಕ್ಕೆ ಓಡ್ಸಿದ್ರು. ಹಾಗೇ ಬರಿ" ಅಂದೆ, ಪರದೆಗೂ ಕೇಳಿಸುವ ಹಾಗೆ.

ಹುಡುಗಿ ಟ್ಯಾಬನ್ನು ಮೇಲೆ ಕೆಳಗೆ ತಳ್ಳಿ ತಳ್ಳಿ ಹುಡುಕಿದಳು.

"ಆ ಆಪ್ಷನ್ ಇದ್ರಲ್ಲಿಲ್ಲ ಅಕ್ಕ."